ಆಕ್ಟೇವಿಯಾ ಆರ್‌ಎಸ್ ಟರ್ಬೊ ಮತ್ತು ಟರ್ಬೊ ಇಲ್ಲದ 2.0: ತುಮಕೂರಿನ ರಸ್ತೆಗಳಲ್ಲಿ ಎರಡನ್ನೂ ಓಡಿಸಿದವನ ಅನುಭವ

ಸ್ಕೋಡಾ ಆಕ್ಟೇವಿಯಾದ ಮೊದಲ ತಲೆಮಾರಿನ ಕಾರನ್ನು ಹವ್ಯಾಸಕ್ಕಾಗಿ ಕೊಳ್ಳಬೇಕೆಂದಿರುವವರು ನನ್ನನ್ನು ಕೇಳುವುದು ಬಹುಮಟ್ಟಿಗೆ ಒಂದೇ ಪ್ರಶ್ನೆ: 1.8 ಲೀಟರಿನ ಟರ್ಬೊ ಎಂಜಿನ್ ಇರುವ ಆರ್‌ಎಸ್ ಅನ್ನೇ ಹುಡುಕಬೇಕೋ, ಟರ್ಬೊ ಇಲ್ಲದ 2.0 ಪೆಟ್ರೋಲ್ ಸಿಕ್ಕರೆ ಸಾಕೋ? ಆರ್‌ಎಸ್ ಎಂದರೆ ಆಕ್ಟೇವಿಯಾದ ಹೆಚ್ಚು ಶಕ್ತಿಯ ಮಾದರಿ; ಟರ್ಬೊ ಎಂದರೆ ಎಂಜಿನ್ ಹೊರಬಿಡುವ ಹೊಗೆಯ ಬಲದಿಂದ ತಿರುಗಿ, ಅದರೊಳಕ್ಕೆ ಗಾಳಿಯನ್ನು ಒತ್ತಿ ತುಂಬುವ ಸಾಧನ. ನಮ್ಮ ಮನೆಯಲ್ಲಿ ಎರಡೂ ಇವೆ. ಆರ್‌ಎಸ್ ನನ್ನದು, 2.0 ಅಣ್ಣನದು. ಎರಡೂ ಒಂದೇ ಕಾಂಪೌಂಡಿನಲ್ಲಿ ನಿಲ್ಲುತ್ತವೆ, ಎರಡರ ಬೀಗದ ಕೈಗಳೂ ಒಂದೇ ಮೊಳೆಗೆ ನೇತಾಡುತ್ತವೆ, ಯಾರಿಗೆ ಯಾವ ಹೊತ್ತಿಗೆ ಯಾವುದು ಬೇಕೋ ಅದನ್ನು ತೆಗೆದುಕೊಂಡು ಹೋಗುವುದು ಹಲವು ವರ್ಷಗಳಿಂದ ನಡೆದುಬಂದ ರೂಢಿ. ಆರ್‌ಎಸ್‌ನ 150 ಅಶ್ವಶಕ್ತಿಗೆ ಎದುರಾಗಿ 2.0ದ 115 ಎಂಬ ಲೆಕ್ಕವನ್ನು ಕೊಳ್ಳುವವರು ಕಂಪನಿಯ ಪಟ್ಟಿಯಲ್ಲಿ ಈಗಾಗಲೇ ನೋಡಿರುತ್ತಾರೆ. ಆ ಪಟ್ಟಿಯಲ್ಲಿ ಕಾಣದ, ದಿನಬಳಕೆಯಲ್ಲಿ ಮಾತ್ರ ತಿಳಿಯುವ ಸಂಗತಿಗಳನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಆರ್‌ಎಸ್ 2004ರಲ್ಲಿ ಭಾರತಕ್ಕೆ ಬಂದಾಗ ಟರ್ಬೊ ಎಂಬುದು ನಮ್ಮಲ್ಲಿ ಡೀಸೆಲ್ ಗಾಡಿಗಳ ಮಾತಾಗಿತ್ತು. ಪೆಟ್ರೋಲ್ ಎಂಜಿನ್ನಿಗೆ ಟರ್ಬೊ ಜೋಡಿಸುವ ವಿದ್ಯೆಯೇನೂ ಹೊಸದಲ್ಲ. ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಶೆವ್ರೊಲೆ ಕಾರ್ವೇರ್ ಕಾರುಗಳು 1962ರಲ್ಲೇ ಅದನ್ನು ರಸ್ತೆಗಿಳಿಸಿದ್ದವು. ಎಪ್ಪತ್ತರ ದಶಕದ ಪೋರ್ಷೆ 911 ಟರ್ಬೊದಂಥ ಕಾರುಗಳಲ್ಲಿ ಆಕ್ಸಿಲರೇಟರ್ ತುಳಿದ ಮೇಲೆ ಒಂದಿಷ್ಟು ಹೊತ್ತು ಏನೂ ಆಗದೆ, ಅನಂತರ ಬಲವೆಲ್ಲ ಒಮ್ಮೆಲೇ ನುಗ್ಗುತ್ತಿತ್ತು; ಟರ್ಬೊ ಎಂದರೆ ಹೀಗೇ ಎಂಬ ಭಯ ಇಂದಿಗೂ ಹಲವರಲ್ಲಿ ಉಳಿದಿರುವುದು ಅಂಥ ಕಾರುಗಳಿಂದಾಗಿ. ಆರ್‌ಎಸ್‌ನ ಟರ್ಬೊ ಗಾತ್ರದಲ್ಲಿ ಚಿಕ್ಕದು, ಬೇಗ ತಿರುಗತೊಡಗುತ್ತದೆ. ಎಂಜಿನ್ 1,750 ಆರ್‌ಪಿಎಂ (ನಿಮಿಷಕ್ಕೆ ತಿರುಗುವ ಸುತ್ತು) ತಲುಪಿದರೆ ಅದರ 210 ನ್ಯೂಟನ್ ಮೀಟರ್ ಟಾರ್ಕ್, ಎಂದರೆ ಎಳೆಯುವ ಬಲ, ಪೂರ್ತಿಯಾಗಿ ಕೈಗೆ ಬರುತ್ತದೆ. ಇದರ ನಿಜವಾದ ಸುಖ ಷಟ್ಪಥ ಹೆದ್ದಾರಿಯಲ್ಲಿ ಇಲ್ಲ. ಅಲ್ಲಿ ಅಣ್ಣನ ಕಾರೂ ಅಷ್ಟೇ ಸಲೀಸಾಗಿ ನೂರರ ವೇಗದಲ್ಲಿ ಹೋಗುತ್ತದೆ. ಕೊರಟಗೆರೆ ದಾಟಿ ಮಧುಗಿರಿಯ ಕಡೆಗೆ ಹೋಗುವಾಗ ಮುಂದೆ ತೆಂಗಿನಕಾಯಿ ತುಂಬಿದ ಲಾರಿಯೊಂದು ಅಡ್ಡವಾಗಿ, ಎದುರಿನ ರಸ್ತೆ ತುಸು ದೂರದವರೆಗೆ ಮಾತ್ರ ಖಾಲಿ ಇದ್ದಾಗ ಈ ಎಂಜಿನ್ನಿನ ಬೆಲೆ ತಿಳಿಯುತ್ತದೆ. ಮೂರನೇ ಗೇರಿನಲ್ಲಿದ್ದುಕೊಂಡೇ ಕಾಲನ್ನು ಸ್ವಲ್ಪ ಒತ್ತಿದರೆ ಸಾಕು, ಗೇರ್ ಇಳಿಸುವ ಗಡಿಬಿಡಿಯಿಲ್ಲದೆ, ಎಂಜಿನ್ ಕೂಗಾಡದೆ ಲಾರಿ ಹಿಂದೆ ಸರಿದಿರುತ್ತದೆ. ಅದೇ ಜಾಗದಲ್ಲಿ 2.0 ಓಡಿಸುವವನು ಗೇರ್ ಇಳಿಸಿ, ಆರ್‌ಪಿಎಂ ಏರಿಸಿ, ಒಮ್ಮೊಮ್ಮೆ ಬೇಡವೆಂದು ಮತ್ತೆ ಲಾರಿಯ ಹಿಂದೆಯೇ ಸೇರಿಕೊಳ್ಳಬೇಕಾಗುತ್ತದೆ.

ನಮ್ಮ ಭಾಗದವರು ಗಮನಿಸಬೇಕಾದ ಇನ್ನೊಂದು ವಿಷಯ ಊರಿನ ಎತ್ತರ. ತುಮಕೂರು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ, ದೇವರಾಯನದುರ್ಗದ ನೆತ್ತಿ ಸುಮಾರು 1,200 ಮೀಟರಿನಲ್ಲಿದೆ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುವುದರಿಂದ ಟರ್ಬೊ ಇಲ್ಲದ ಎಂಜಿನ್ ಸಾವಿರ ಮೀಟರಿಗೆ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಎಂದರೆ ಅಣ್ಣನ ಕಾರಿನ ಕಾಗದದ ಮೇಲಿನ 115 ಅಶ್ವಶಕ್ತಿಯಲ್ಲಿ ಒಂದು ಭಾಗ ನಮ್ಮ ಮನೆಯ ಗೇಟಿನಲ್ಲೇ ಇಲ್ಲವಾಗಿರುತ್ತದೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಈ ನಷ್ಟದ ಬಹುಪಾಲನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಮಂಗಳೂರಿನಲ್ಲಿ ಓಡಿಸಿ ನೋಡಿ ಎರಡರ ನಡುವೆ ಅಂಥ ವ್ಯತ್ಯಾಸವಿಲ್ಲ ಎನ್ನುವವರ ಮಾತನ್ನು ಬಯಲುಸೀಮೆಯವರು ಹಾಗೆಯೇ ಒಪ್ಪಿಕೊಳ್ಳಬೇಕಾಗಿಲ್ಲ.

ಭಾನುವಾರ ಬೆಳಗಿನ ಜಾವ ನಾಮದ ಚಿಲುಮೆಯ ಮಾರ್ಗವಾಗಿ ದೇವರಾಯನದುರ್ಗಕ್ಕೆ ಹೋಗಿಬರುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಮನೆಯಿಂದ ಹೊರಟು ಊರು ದಾಟುವವರೆಗೆ 2,000 ಆರ್‌ಪಿಎಂ ಮೀರದಂತೆ ಓಡಿಸುತ್ತೇನೆ. ಮೀಟರಿನಲ್ಲಿ ಕಾಣುವುದು ನೀರಿನ ಬಿಸಿ. ಆ ಮುಳ್ಳು ನಡುವಿಗೆ ಬಂದು ನಿಂತ ಮೇಲೂ ಆಯಿಲ್ ಬಿಸಿಯಾಗಲು ಇನ್ನಷ್ಟು ದೂರ ಬೇಕು. ಟರ್ಬೊದ ದಂಡ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತಾ ಆಯಿಲ್ಲಿನ ತೆಳುವಾದ ಪದರವೊಂದರ ಮೇಲೆಯೇ ತೇಲುವುದರಿಂದ, ಆಯಿಲ್ ತಣ್ಣಗೆ ಮಂದವಾಗಿರುವಾಗ ಅದನ್ನು ದುಡಿಸುವುದು ಅನ್ಯಾಯ. ಕಾಡು ಶುರುವಾಗುವ ಹೊತ್ತಿಗೆ ಎಲ್ಲವೂ ಹದಕ್ಕೆ ಬಂದಿರುತ್ತದೆ. ಕಿಟಕಿ ಇಳಿಸಿಕೊಂಡು ಭೋಗ ನರಸಿಂಹಸ್ವಾಮಿಯ ಗುಡಿ ದಾಟಿ ಯೋಗ ನರಸಿಂಹನ ಕಡೆಗೆ ಏರುವ ತಿರುವುಗಳಲ್ಲಿ ಎರಡನೇ ಗೇರಿನಿಂದ ಮೂರಕ್ಕೆ ಹಾಕುವಾಗ, ಎಂಜಿನ್ನಿನ ಸದ್ದಿನ ಹಿಂದೆ ಗಾಳಿ ಎಳೆದುಕೊಳ್ಳುವ ಸಣ್ಣ ಸಿಳ್ಳು ಕೇಳುತ್ತದೆ, ಆಕ್ಸಿಲರೇಟರ್ ಬಿಟ್ಟ ಕ್ಷಣಕ್ಕೆ ಅದು ಒಂದು ನಿಟ್ಟುಸಿರಾಗಿ ನಿಲ್ಲುತ್ತದೆ. ಈ ಸದ್ದಿಗಾಗಿಯೇ ಕಾರು ಇಟ್ಟುಕೊಂಡಿದ್ದೇನೆ ಎಂದರೂ ಸುಳ್ಳಲ್ಲ. ಹಿಂತಿರುಗುವಾಗ ಊರು ಹತ್ತಿರವಾಗುತ್ತಿದ್ದಂತೆ ಮತ್ತೆ ಮೆಲ್ಲಗೆ ಓಡಿಸುತ್ತೇನೆ. ಬಿಸಿಯೇರಿದ ಎಂಜಿನ್ ಅನ್ನು ಥಟ್ಟನೆ ಆಫ್ ಮಾಡಿದರೆ ಬೇರಿಂಗಿನಲ್ಲಿ ನಿಂತ ಆಯಿಲ್ ಅಲ್ಲಿಯೇ ಸುಟ್ಟು ಕರಿಗಟ್ಟುತ್ತದೆ. ಗೇಟಿನ ಮುಂದೆ ಸುಮ್ಮನೆ ಎಂಜಿನ್ ಆನ್ ಮಾಡಿ ನಿಲ್ಲಿಸಿಕೊಳ್ಳುವುದಕ್ಕಿಂತ ಕೊನೆಯ ಒಂದೆರಡು ಕಿಲೋಮೀಟರನ್ನು ಸಾವಧಾನವಾಗಿ ಬರುವುದು ಮೇಲು.

ಇಷ್ಟು ಹೊಗಳಿದ ಮೇಲೆ ವಾರದ ಉಳಿದ ಆರು ದಿನಗಳ ಮಾತನ್ನೂ ಹೇಳಬೇಕು. ನನ್ನ ಕೆಲಸದ ಜಾಗ ಅಂತರಸನಹಳ್ಳಿ ಮಾರುಕಟ್ಟೆಯ ಹತ್ತಿರ, ಮನೆ ಎಸ್.ಎಸ್. ಪುರಂನಲ್ಲಿ. ಬಿ.ಎಚ್. ರಸ್ತೆಯ ಸಿಗ್ನಲ್‌ಗಳಲ್ಲಿ ನಿಂತು ಹೊರಡುವ ಈ ಚಿಕ್ಕ ದಾರಿಯಲ್ಲಿ ಟರ್ಬೊದಿಂದ ನನಗೆ ಯಾವ ಉಪಯೋಗವೂ ಇಲ್ಲ, ಏಕೆಂದರೆ ಆಯಿಲ್ ಹದಕ್ಕೆ ಬರುವ ಹೊತ್ತಿಗೆ ನಾನು ತಲುಪಿರುತ್ತೇನೆ. ಉಪಯೋಗವಿಲ್ಲದಿದ್ದರೆ ಹೋಗಲಿ, ತೊಂದರೆಯೂ ಇದೆ. ಟರ್ಬೊ ಎಂಜಿನ್ನಿನಲ್ಲಿ ನಾಕಿಂಗ್ (ಪೆಟ್ರೋಲ್ ಹೊತ್ತಿಗೆ ಮುಂಚೆ ತಾನಾಗಿ ಸಿಡಿಯುವುದು) ಆಗದಂತೆ ಕಂಪ್ರೆಷನ್ ಅನ್ನು, ಎಂದರೆ ಸಿಲಿಂಡರಿನಲ್ಲಿ ಗಾಳಿ-ಪೆಟ್ರೋಲನ್ನು ಒತ್ತುವ ಪ್ರಮಾಣವನ್ನು, ಕಡಿಮೆ ಇಟ್ಟಿರುತ್ತಾರೆ. ಆದ್ದರಿಂದ ಟರ್ಬೊ ಕೆಲಸ ಶುರುಮಾಡುವ ಮೊದಲಿನ ಆರ್‌ಪಿಎಂನಲ್ಲಿ ಆರ್‌ಎಸ್ ಎಂಬುದು ಜಡವಾದ 1.8 ಲೀಟರಿನ ಕಾರು ಮಾತ್ರ. ಸಿಗ್ನಲ್ ಬಿಟ್ಟಾಗ, ಹಂಪ್ ದಾಟಿದ ಮೇಲೆ, ಸಂತೆಯ ದಟ್ಟಣೆಯಲ್ಲಿ ಅಣ್ಣನ 2.0 ಇದಕ್ಕಿಂತ ಚುರುಕಾಗಿ, ಕಾಲಿಟ್ಟಷ್ಟಕ್ಕೆ ಸರಿಯಾಗಿ ಸ್ಪಂದಿಸುತ್ತದೆ. ಪಟ್ಟಿಯಲ್ಲಿ 35 ಅಶ್ವಶಕ್ತಿ ಹೆಚ್ಚಿರುವ ಕಾರು ದಿನದ ಬಹುಪಾಲು ಹೊತ್ತು ಕಡಿಮೆ ಇರುವ ಕಾರಿಗಿಂತ ಮಂದವಾಗಿ ಓಡುತ್ತದೆಂಬುದನ್ನು ಕೊಳ್ಳುವವರಿಗೆ ಯಾರೂ ಹೇಳುವುದಿಲ್ಲ.

ಇದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಬಾನೆಟ್ಟಿನ ಕೆಳಗಿನ ಬಿಸಿ ಮತ್ತು ಆ ಬಿಸಿಯಲ್ಲಿ ಬೇಯುವ ರಬ್ಬರ್ ಹೋಸ್‌ಗಳು. ಟರ್ಬೊ ಕಾರಿನಲ್ಲಿ ಗಾಳಿ ಸಾಗುವ ದಾರಿ ಉದ್ದವಾದದ್ದು: ಫಿಲ್ಟರಿನಿಂದ ಟರ್ಬೊಗೆ, ಅಲ್ಲಿಂದ ಬಂಪರಿನ ಮೂಲೆಯಲ್ಲಿರುವ, ಬಿಸಿಯಾದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ. ಇದರ ಜೊತೆಗೆ ಬೆರಳಿಗಿಂತ ಸಣ್ಣಗಿನ ವ್ಯಾಕ್ಯೂಮ್ ಕೊಳವೆಗಳು ಬೇರೆ. ಇಪ್ಪತ್ತು ವರ್ಷ ಕಳೆದರೆ ಯಾವ ಕಂಪನಿಯ ರಬ್ಬರ್ ಆದರೂ ಬಿರಿಯುವುದು ಸಹಜ, ಅದನ್ನು ಕಾರಿನ ದೋಷವೆನ್ನಲಾರೆ. ಆದರೆ ಅದು ಕೊಡುವ ಕಾಟ ವಿಚಿತ್ರವಾದದ್ದು. ಒಂದು ಬೇಸಿಗೆಯಲ್ಲಿ ನನ್ನ ಕಾರಿನ ಪಿಕಪ್ ಇದ್ದಕ್ಕಿದ್ದಂತೆ ಬಿದ್ದುಹೋಯಿತು. ನಿಂತಲ್ಲಿ ಎಂಜಿನ್ ನಯವಾಗಿಯೇ ಓಡುತ್ತಿತ್ತು. ಏರಿನಲ್ಲಿ ಮಾತ್ರ ಬುಸ್ಸೆನ್ನುವ ಸದ್ದು, ಹಿಂದಿನಿಂದ ಕಪ್ಪು ಹೊಗೆ, ಮೈಲೇಜಿನಲ್ಲಿ ಕಣ್ಣಿಗೆ ಕಾಣುವಷ್ಟು ಇಳಿತ. ಬೆಂಗಳೂರಿನ ಒಂದು ವರ್ಕ್‌ಶಾಪಿನವರು ಕಂಪ್ಯೂಟರ್ ಹಚ್ಚಿ ನೋಡಿ, ಟರ್ಬೊವನ್ನೇ ಬದಲಿಸಬೇಕೆಂದು ಬರೆದುಕೊಟ್ಟ ಅಂದಾಜುಪಟ್ಟಿಯ ಮೊತ್ತದಲ್ಲಿ ಒಳ್ಳೆಯ ಸೆಕೆಂಡ್ ಹ್ಯಾಂಡ್ ಬೈಕು ಬರುತ್ತಿತ್ತು.

ಗುಬ್ಬಿ ಗೇಟಿನ ಬಳಿಯ ನಮ್ಮ ಹಳೆಯ ಮೆಕ್ಯಾನಿಕ್ ಆ ಪಟ್ಟಿಯನ್ನು ಓದಿ ಮಡಚಿ ನನಗೇ ಕೊಟ್ಟರು. ಗಾಳಿ ಒಳಗೆ ಹೋಗುವ ಕೊಳವೆಯ ಬಾಯಿಗೆ ಮುಚ್ಚಳ ಬಿಗಿದು, ಕಂಪ್ರೆಸರಿನಿಂದ ಹದವಾಗಿ ಗಾಳಿ ಬಿಟ್ಟು, ಹೋಸ್‌ಗಳ ಉದ್ದಕ್ಕೂ ಸೋಪಿನ ನೀರು ಹಚ್ಚುತ್ತಾ ಹೋದರು. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕುವುದೂ ಹೀಗೆಯೇ ಅಲ್ಲವೇ. ಇಂಟರ್‌ಕೂಲರಿನ ಪಕ್ಕದ ಹೋಸಿನ ಕೆಳಮೈಯಲ್ಲಿ, ಕ್ಲಾಂಪಿನ ಅಂಚಿಗೆ ಸರಿಯಾಗಿ, ಕಣ್ಣಿಗೆ ಬೀಳದ ಒಂದು ಸೀಳಿನಿಂದ ನೊರೆ ಉಕ್ಕಿ ಬಂತು. ಕೈಯಿಂದ ಬಗ್ಗಿಸಿದಾಗ ಅದು ಬಾಯಿ ಬಿಡುತ್ತಿತ್ತು, ಬಿಟ್ಟರೆ ಮುಚ್ಚಿಕೊಳ್ಳುತ್ತಿತ್ತು. "ಟರ್ಬೊಗೆ ಏನೂ ಆಗಿಲ್ಲ ಸಾರ್, ಅದು ಒತ್ತಿದ ಗಾಳಿ ಇಲ್ಲಿ ಹೊರಗೋಗ್ತಾ ಇದೆ. ಎಂಜಿನ್ನು ಗಾಳಿ ಬಂತು ಅಂದ್ಕೊಂಡು ಪೆಟ್ರೋಲ್ ಸುರೀತಾ ಇದೆ," ಎಂದರು. ನಿಂತಲ್ಲಿ ಒತ್ತಡವಿಲ್ಲದ್ದರಿಂದ ಸೀಳು ಮುಚ್ಚಿಕೊಂಡಿರುತ್ತಿತ್ತು, ಏರಿನಲ್ಲಿ ಒತ್ತಡ ಬಂದಾಗ ತೆರೆದುಕೊಳ್ಳುತ್ತಿತ್ತು. ಹೋಸ್ ಬದಲಿಸಿದ ಮೇಲೆ ಕಾರು ಮೊದಲಿನಂತಾಯಿತು. ಅಲ್ಲಿಂದ ಮುಂದೆ ಒಂದಾದ ಮೇಲೊಂದರಂತೆ ಉಳಿದ ಹೋಸ್‌ಗಳನ್ನೂ ಸಿಲಿಕೋನಿನವಕ್ಕೆ ಬದಲಿಸುತ್ತಾ ಬಂದಿದ್ದೇವೆ, ಇನ್ನೂ ಒಂದೆರಡರ ಸರದಿ ಬಾಕಿ ಇದೆ. ಅಣ್ಣನ ಕಾರಿನಲ್ಲಿ ಈ ಯಾವ ಕೊಳವೆಯೂ ಇಲ್ಲ, ಆದ್ದರಿಂದ ಈ ಯಾವ ಖರ್ಚೂ ಇಲ್ಲ. ಟರ್ಬೊ ಕಾರು ದುಬಾರಿಯಾಗುವುದು ಟರ್ಬೊ ಕೆಡುವುದರಿಂದ ಎಂದು ಜನ ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಅದರ ಸುತ್ತಮುತ್ತಲಿನ ಸಣ್ಣಪುಟ್ಟ ಸಾಮಾನುಗಳಿಂದ, ಅದಕ್ಕಿಂತ ಹೆಚ್ಚಾಗಿ ಅವನ್ನು ಸರಿಯಾಗಿ ಗುರುತಿಸಲಾಗದವರ ಕೈಗೆ ಕಾರು ಸಿಕ್ಕುವುದರಿಂದ.

ಅಣ್ಣನ ಕಾರನ್ನು ನಾನು ಹಗುರವಾಗಿ ಕಾಣುತ್ತೇನೆಂದು ಯಾರೂ ತಿಳಿಯಬಾರದು. ಅವನು ವಾರಕ್ಕೊಮ್ಮೆ ಗುಬ್ಬಿಯ ಆಚೆಗಿನ ಅಡಿಕೆ ತೋಟಕ್ಕೆ ಹೋಗುತ್ತಾನೆ. ಕೆರೆ ಏರಿಯ ಮೇಲಿನ ದಾರಿಯಲ್ಲಿ, ಮಣ್ಣಿನ ರಸ್ತೆಯಲ್ಲಿ, ಎರಡನೇ ಗೇರಿನಲ್ಲಿ ನಿಧಾನವಾಗಿ ಸಾಗುವಾಗ 2.0 ಎಂಜಿನ್ ಎಳೆಯುವ ಬಗೆ ಬಹಳ ಸಮಾಧಾನದ್ದು: ಕಾಲನ್ನು ಕೂದಲೆಳೆಯಷ್ಟು ಒತ್ತಿದರೆ ಅಷ್ಟೇ ಬಲ ಬರುತ್ತದೆ, ಹಿಂದೆಮುಂದೆ ಆಗುವುದಿಲ್ಲ. ತೋಟದ ಬೇಲಿಯ ಹತ್ತಿರ ನಿಲ್ಲಿಸಿ ಆ ಕ್ಷಣವೇ ಕೀ ತಿರುಗಿಸಿ ಇಳಿದುಬಿಡುತ್ತಾನೆ. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದರೆ ನಾನೂ ಮೊಳೆಯಿಂದ ತೆಗೆದುಕೊಳ್ಳುವುದು ಅದರ ಕೀಯನ್ನೇ.

ಖರ್ಚಿನ ವಿಷಯದಲ್ಲಿ ಪೆಟ್ರೋಲು ತೀರ್ಮಾನ ಮಾಡುವ ಸಂಗತಿಯಲ್ಲ, ಎರಡೂ ಊರೊಳಗೆ ಹೆಚ್ಚುಕಡಿಮೆ ಒಂದೇ ಸಮ ಕುಡಿಯುತ್ತವೆ. ಆದರೆ ಆರ್‌ಎಸ್‌ಗೆ ನಾನು ನಾಕಿಂಗ್ ತಡೆಯುವ ಹೆಚ್ಚು ಆಕ್ಟೇನಿನ ಪೆಟ್ರೋಲನ್ನೇ ಹಾಕಿಸುತ್ತೇನೆ, 5ಡಬ್ಲ್ಯೂ-40 ದರ್ಜೆಯ ಪೂರ್ಣ ಸಿಂಥೆಟಿಕ್ ಆಯಿಲನ್ನು ಅಣ್ಣ ಬದಲಿಸುವ ಅರ್ಧ ದೂರಕ್ಕೇ ಬದಲಿಸುತ್ತೇನೆ. ಬಂಕುಗಳಲ್ಲೆಲ್ಲ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ ಇಂಧನದ ಹಳೆಯ ರಬ್ಬರ್ ಪೈಪುಗಳನ್ನು ಎರಡೂ ಕಾರುಗಳಲ್ಲಿ ಬದಲಿಸಿದ್ದೇವೆ, ಅದು ಟರ್ಬೊ ಇರಲಿ ಬಿಡಲಿ ಆಗಬೇಕಾದ ಕೆಲಸ. 20 ವರ್ಷ ದಾಟಿದ ಕಾರುಗಳ ನೋಂದಣಿ ನವೀಕರಣದ ಶುಲ್ಕ 2025ರ ಆಗಸ್ಟ್‌ನಲ್ಲಿ 5,000 ರೂಪಾಯಿಯಿಂದ 10,000ಕ್ಕೆ ಏರಿದೆ. ಆರ್‌ಟಿಒ ಕಚೇರಿಯಲ್ಲಿ ಎರಡಕ್ಕೂ ಒಂದೇ ದರ.

ನಿಮ್ಮ ಓಡಾಟ ಬಹುಪಾಲು ಊರೊಳಗಿನದಾಗಿದ್ದರೆ, ಇರುವ ಒಂದೇ ಕಾರು ಇದೇ ಆಗಬೇಕೆಂದಿದ್ದರೆ, ಹಿಂಜರಿಯದೆ 2.0 ತೆಗೆದುಕೊಳ್ಳಿ. ವಾರದಲ್ಲಿ ಒಂದೆರಡು ಬಾರಿಯಾದರೂ ಇಪ್ಪತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿ ಸಿಗುವವರಿಗೆ, ಹತ್ತಿರದಲ್ಲಿ ಸೋಪಿನ ನೀರಿನಲ್ಲಿ ಹುಡುಕುವ ತಾಳ್ಮೆಯುಳ್ಳ ಮೆಕ್ಯಾನಿಕ್ ಇರುವವರಿಗೆ ಆರ್‌ಎಸ್. ನಾನು ಮಾರುಕಟ್ಟೆಗೆ ಈಗ ಸ್ಕೂಟರಿನಲ್ಲಿ ಹೋಗುತ್ತೇನೆ, ಆರ್‌ಎಸ್ ದೂರದ ದಾರಿಗೆ ಮಾತ್ರ ಹೊರಗೆ ಬರುತ್ತದೆ, ಅದನ್ನು ಮಾರುವ ಯೋಚನೆ ಇಲ್ಲ.

ಆರ್‌ಎಸ್ ನೋಡಲು ಹೋಗುವವರು ಎಂಜಿನ್ ತಣ್ಣಗಿರಲೆಂದು ಮಾರುವವರಿಗೆ ಹಿಂದಿನ ದಿನವೇ ಹೇಳಿಡಿ, ಮೊದಲ ಸ್ಟಾರ್ಟನ್ನು ನೀವೇ ಮಾಡಿ. ಚೆನ್ನಾಗಿ ಬಿಸಿಯಾದ ಮೇಲೆ ಮೂರನೇ ಗೇರಿನಲ್ಲಿ ಒಂದು ಏರು ಹತ್ತಿಸಿ, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತುವಾಗ ಕನ್ನಡಿಯಲ್ಲಿ ನೋಡಿ: ನೀಲಿ ಹೊಗೆ ಕಂಡರೆ ಆಯಿಲ್ ಸುಡುತ್ತಿದೆ ಎಂದರ್ಥ, ಟರ್ಬೊದ ಸೀಲಿನಿಂದಲೂ ಇರಬಹುದು, ಎಂಜಿನ್ನಿನಿಂದಲೂ ಇರಬಹುದು, ಕಾರಣ ತಿಳಿಯುವವರೆಗೆ ಮುಂಗಡ ಕೊಡಬೇಡಿ. ಕಪ್ಪು ಹೊಗೆಯೂ ಬುಸ್ಸೆನ್ನುವ ಸದ್ದೂ ಇದ್ದರೆ ಬಹುಶಃ ಹೋಸು, ಅದನ್ನು ತೋರಿಸಿ ಬೆಲೆ ಇಳಿಸಿಕೊಳ್ಳಬಹುದು.