ಎಷ್ಟನೇ ವಾರ ಅಂತ ಕೇಳಿ ರಕ್ತ ತಗೊಳ್ಳೋ ಲ್ಯಾಬ್

ನಮ್ಮದು ಧಾರವಾಡ, ಪುಣೆಗೆ ಬಂದು ಆರು ವರ್ಷ ಆತು, ಕೋಥ್ರೂಡದಾಗ ಇರ್ತೀವಿ. ನನಗ ಈಗ 31ನೇ ವಾರ ನಡದದ. ಥೈರಾಯ್ಡ್ ಗುಳಿಗಿ ಮದುವಿಗಿಂತ ಮೊದಲಿಂದನೂ ತಗೋತೀನಿ, 50 ಮೈಕ್ರೋಗ್ರಾಂದು. ನಳ ಸ್ಟಾಪ್ ಮೆಟ್ರೋ ಸ್ಟೇಷನ್ನಿಂದ ಐದು ನಿಮಿಷ ನಡದ್ರ ಸಿಗೋ ಈ ಸಣ್ಣ ಲ್ಯಾಬಿಗೆ ಈ ಬಸುರಿನಾಗ ನಾಲ್ಕು ಸಲ ಬಂದೀನಿ, ಥೈರಾಯ್ಡ್ ಇರೋ ಹೆಣ್ಮಕ್ಕಳು ಓದ್ಲಿ ಅಂತನ ಇಷ್ಟುದ್ದ ಬರೀಲಿಕ್ಕತ್ತೀನಿ.

ಮೊದಲನೇ ಟೆಸ್ಟ್ ಬ್ಯಾರೆ ಕಡೆ ಮಾಡಿಸಿದ್ದೆ, ಹೆಸರು ಬ್ಯಾಡ. ಮನಿಗೆ ಹುಡುಗ ಬಂದ, ಕೈಗೆ ರಬ್ಬರ್ ಕಟ್ಟಿದ, ರಕ್ತ ತಗೊಂಡ, ಹೋದ. ಒಂದು ಮಾತೂ ಕೇಳಲಿಲ್ಲ. ಆಗ ನನಗ ಆರನೇ ವಾರ. ಟಿಎಸ್ಎಚ್ (ಥೈರಾಯ್ಡ್ ಹಾರ್ಮೋನು ಮೈಗೆ ಕಡಿಮಿ ಬಿದ್ರ ರಕ್ತದಾಗ ಏರೋ ನಂಬರ್ ಇದು) 3.9 ಬಂತು, ಬಾಜೂಕ 0.4 ರಿಂದ 4.2 ಅಂತ ಪ್ರಿಂಟ್ ಆಗಿತ್ತು, ಕೆಂಪು ಗುರ್ತು ಏನೂ ಇರಲಿಲ್ಲ, ನಮ್ಮ ಮನಿಯವರು ಫೋಟೋ ತಗದು ನಾರ್ಮಲ್ ಬಂದದ ಅಂತ ಅವ್ವಗ ಕಳಿಸೇಬಿಟ್ರು. ಎಂಟನೇ ವಾರಕ್ಕ ಡಾಕ್ಟರ್ ಹತ್ರ ಹೋದಾಗ ಅವರು ಕಾಗದ ನೋಡಿ, ಇದು ನಿಮಗ ನಾರ್ಮಲ್ ಅಲ್ಲಮ್ಮಾ, ಮೊದಲೇ ಗುಳಿಗಿ ತಗೊಳ್ಳೋರಿಗೆ ಬಸುರಿದ್ದಾಗ 2.5ರ ಕೆಳಗ ಇರಬೇಕು ಅಂದು ಅಲ್ಲೇ 75 ಬರದುಕೊಟ್ರು. ಬಸುರಿ ಅಂತ ಗೊತ್ತಾದ ಕೂಡಲೇ ಡೋಸ್ ಸುಮಾರು ಕಾಲು ಭಾಗ ಏರಿಸಬೇಕಾಗ್ತದಂತ, ಅದಕ್ಕ ಆವತ್ತೇ ಫೋನ್ ಮಾಡಬೇಕಿತ್ತು ಅಂದ್ರು. ಯಾಕಂದ್ರ ಕೂಸಿನ ಸ್ವಂತ ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸಾ ಹಿಡಿಯೋದು 18-20 ವಾರದ ಹೊತ್ತಿಗೆ, ಅಲ್ಲೀತನಕ ಅದರ ಮೆದುಳು ಬೆಳೀಲಿಕ್ಕೆ ಬೇಕಾಗೋ ಹಾರ್ಮೋನು ತಾಯಿಯಿಂದನ ಹೋಗಬೇಕು. ಇದನ್ನ ಕೇಳಿ ಬಂದ ರಾತ್ರಿ ನನಗ ನಿದ್ದಿ ಹತ್ತಲಿಲ್ಲ, ಎರಡು ವಾರ ನಾರ್ಮಲ್ ನಾರ್ಮಲ್ ಅಂತ ಸುಮ್ಮನ ಕೂತಿದ್ವಲ್ಲ ಅಂತ.

ಈ ಲ್ಯಾಬ್ ತೋರಿಸಿದಾಕಿ ನಮ್ಮ ವೈನಿ. ರಕ್ತ ತಗೊಳ್ಳೋ ಹೆಣ್ಮಗಳು ಅಕ್ಕಲಕೋಟ ಕಡೆಯಾಕಿ, ನನ್ನ ಹೆಸರು ನೋಡಿದ ಕೂಡಲೇ ಕನ್ನಡದಾಗ ಶುರು ಮಾಡಿದ್ಲು. ಎಷ್ಟನೇ ವಾರ ಅಕ್ಕಾ? ಇವತ್ತಿನ ಗುಳಿಗಿ ನುಂಗಿ ಬಂದೀರೇನು? ಕೂದಲಾ ಉದರ್ತಾವಂತ ಬಯೋಟಿನ್ ಏನರೆ ತಗೋತೀರೇನು? ಬಯೋಟಿನ್ ತಗೊಂಡ್ರ ಕೆಲವು ಮಷೀನಿನಾಗ ಟಿಎಸ್ಎಚ್ ಸುಳ್ಳೇ ಕಡಿಮಿ ತೋರಸ್ತದಂತ, ಎರಡು ದಿನ ಮೊದಲೇ ಬಿಟ್ಟು ಬರಬೇಕಂತ, ನನಗ ಇಲ್ಲೇ ಗೊತ್ತಾಗಿದ್ದು. ಗುಳಿಗಿ ಸಂಗಡ ತಂದು ರಕ್ತ ಕೊಟ್ಟ ಮ್ಯಾಲೆ ನುಂಗ್ರಿ ಅಂದ್ಲು. ಹಂಗ ಮಾಡ್ತೀನಿ, ನೀರು ಕುಡದು ನಡಕೋತ ಮನಿ ಮುಟ್ಟೋದ್ರೊಳಗ ಅರ್ಧಾ ತಾಸು ಆಗಿರ್ತದ, ಆಮ್ಯಾಲೆ ಚಾ. ರಿಪೋರ್ಟ್ ಸಂಜೀಗೇ ವಾಟ್ಸಾಪಿಗೆ ಬರ್ತದ, ಬಸುರಿಯರಿಗೆ ಮೂರು ತಿಂಗಳಿಗೊಂದು ಹಂಗ ಬ್ಯಾರೆ ಬ್ಯಾರೆ ರೇಂಜ್ ಹಾಕಿರ್ತಾರ. 12ನೇ ವಾರಕ್ಕ 2.1 ಬಂತು.

ಆದ್ರ ನಾನು ಇವರಿಗೆ ಋಣಿ ಆಗಿದ್ದು 17ನೇ ವಾರದಾಗ. ಆ ಸಲ 3.6 ಬಂದಿತ್ತು. ರಿಪೋರ್ಟ್ ಬರೋಕ್ಕಿಂತ ಮೊದಲು ಫೋನ್ ಬಂತು, ಲ್ಯಾಬಿನ ಡಾಕ್ಟರಮ್ಮ ತಾವೇ ಮಾಡಿದ್ರು. ಹೋದ ಸಲ ಛಲೋ ಇತ್ತು, ನಡುವ ಹೊಸಾ ಗುಳಿಗಿ ಏನು ಶುರು ಆಗ್ಯಾವ ಅಂತ ಕೇಳಿದ್ರು. ನಾನು ಐರನ್ ಕ್ಯಾಲ್ಸಿಯಂ ಅಂದೆ. ಯಾವಾಗ ತಗೋತೀರಿ? ಐರನ್ ಖಾಲಿ ಹೊಟ್ಟಿಗೆ ಛಲೋ ಹತ್ತದ ಅಂತ ಯಾರೋ ಹೇಳಿದ್ರು, ಅದಕ್ಕ ಮುಂಜಾನೆ ಥೈರಾಯ್ಡ್ ಗುಳಿಗಿ ಸಂಗಡನ ಅದನ್ನೂ ನುಂಗ್ತಿದ್ದೆ, ಅಂದ್ರ ಒಂದು ತಿಂಗಳಿಂದ 75 ತಗೊಂಡ್ರೂ ಮೈಗೆ ಪೂರ್ತಿ ಹತ್ತತಾನ ಇರಲಿಲ್ಲ! ಐರನ್ನೂ ಕ್ಯಾಲ್ಸಿಯಮ್ಮೂ ಹೊಟ್ಟಿಯೊಳಗ ಥೈರಾಯ್ಡ್ ಗುಳಿಗೀನ ಹಿಡಕೊಂಡು ಕೂಡ್ತಾವಂತ, ನಾಲ್ಕು ತಾಸು ಅಂತರ ಬೇಕಂತ. ಡೋಸಿನ ಸುದ್ದಿಗೆ ಅವರು ಹೋಗಲಿಲ್ಲ, ಅದನ್ನ ನಿಮ್ಮ ಡಾಕ್ಟರೇ ಹೇಳಬೇಕು, ನಾಳೆನ ತೋರಸ್ರಿ ಅಂದ್ರು, ಇದು ನನಗ ಭಾಳ ಹಿಡಿಸ್ತು. ನಮ್ಮ ಡಾಕ್ಟರ್ 75 ಹಂಗೇ ಇಟ್ಟು, ಐರನ್ ಮಧ್ಯಾಹ್ನ ಊಟದ ಮ್ಯಾಲೆ, ಕ್ಯಾಲ್ಸಿಯಂ ರಾತ್ರಿ ಮಾಡಿದ್ರು. 21ನೇ ವಾರಕ್ಕ 1.9.

ಆ ಫೋನ್ ಬರದಿದ್ರ ಡೋಸ್ ಏರಿಸ್ಕೋತ ಹೋಗ್ತಿದ್ವೋ ಏನೋ. ಪುಣೆದಾಗ ದೊಡ್ಡ ದೊಡ್ಡ ಮಷೀನ್ ಇರೋ ಲ್ಯಾಬ್ ಬೇಕಾದಷ್ಟು ಅದಾವ, ನಂಬರ್ ಎಲ್ಲಾರೂ ಕೊಡ್ತಾರ, ಆ ನಂಬರ್ ಯಾಕ ಹಂಗ ಬಂತು ಅಂತ ಕೇಳೋರು ಬೇಕಲ್ಲ.

ಇನ್ನೊಂದು ಮಾತು. ನಮ್ಮ ಅತ್ತಿಯವರು ಆರೋಗ್ಯಕ್ಕ ಛಲೋ ಅಂತ ಅಡಗೀಗೆ ಬರೇ ಸೈಂಧವ ಲವಣ ಹಾಕಲಿಕ್ಕತ್ತಿದ್ರು, ಅದರಾಗ ಅಯೋಡಿನ್ ಬೆರೆಸಿರೂದಿಲ್ಲ, ಬಸುರಿಗೆ ದಿನಕ್ಕ 250 ಮೈಕ್ರೋಗ್ರಾಂ ಬೇಕು ಅಂತ ಇಲ್ಲಿ ಗ್ವಾಡಿಗೆ ಹಚ್ಚಿದ ಚಾರ್ಟ್ ನೋಡಿ ಅವರೇ ಪ್ಯಾಕೆಟ್ ಉಪ್ಪಿಗೆ ವಾಪಸ್ ಬಂದ್ರು.

ಕೊರತಿ ಅದಾವ. ಒಂದನೇ ಮಹಡಿ, ಲಿಫ್ಟ್ ಇಲ್ಲ, ಮೆಟ್ಟಲ ಕಡಿದು, 30ನೇ ವಾರದಾಗ ಹತ್ತಲಿಕ್ಕೆ ಭಾಳ ತ್ರಾಸ ಆತು. ಕೂಡಲಿಕ್ಕೆ ನಾಲ್ಕೇ ಕುರ್ಚಿ. ಮನಿಗೆ ಬರೂದಿಲ್ಲ, ಬಸುರಿಯರಿಗಾದ್ರೂ ಬರಬೇಕು ನೋಡ್ರಿ. ಭಾನುವಾರ 11ಕ್ಕ ಬಂದ್. ಟಿಎಸ್ಎಚ್ ಒಂದಕ್ಕ 300 ರೂಪಾಯಿ ತಗೊಂಡ್ರು. ಐದಕ್ಕ ನಾಲ್ಕು ಸ್ಟಾರ್ ಕೊಟ್ಟೀನಿ, ಕಡಿಮಿ ಆದ ಒಂದು ಆ ಮೆಟ್ಟಲಿಂದು.

ಮುಂದಿನ ವಾರ ಬಾಣಂತನಕ್ಕ ಧಾರವಾಡಕ್ಕ ಹೊಂಟೀನಿ. ಹಡದ ಮ್ಯಾಲೆ ಮತ್ತ 50ಕ್ಕ ಇಳಿಸಿ, ಆರು ವಾರಕ್ಕ ಟಿಎಸ್ಎಚ್ ನೋಡಬೇಕು ಅಂದಾರ ನಮ್ಮ ಡಾಕ್ಟರ್. ಊರಾಗಿನ ಡಾಕ್ಟರಿಗೆ ತೋರಸಲಿಕ್ಕೆ ನಾಲ್ಕೂ ಟೆಸ್ಟಿನ ನಂಬರ್, ತಾರೀಖು, ಆವಾಗಿನ ಡೋಸ್ ಎಲ್ಲಾ ಒಂದೇ ಹಾಳ್ಯಾಗ ಹಾಕಿ ಕೊಟ್ಟಾರ ಇವರು, ರೊಕ್ಕಾ ಕೇಳಲಿಲ್ಲ. ಅದರ ಕೆಳಗ ಅಕ್ಕಲಕೋಟದಾಕಿ ಪೆನ್ನಿಲೆ ಬರದಾಳ, ಕೂಸು ಹುಟ್ಟಿ ಮೂರರಿಂದ ಐದನೇ ದಿನದೊಳಗ ಹಿಮ್ಮಡಿ ರಕ್ತದ ಥೈರಾಯ್ಡ್ ಟೆಸ್ಟ್ ಮರೀಬ್ಯಾಡ್ರಿ ಅಕ್ಕಾ ಅಂತ.