ಸಬ್‌ವೂಫರ್: ಹತ್ತಿಯೋ, ಹೊಸ ಡ್ರೈವರೋ, ಉದ್ದ ಪೋರ್ಟೋ, ಬಿರಡೆಯೋ?

ಹೋಮ್ ಥಿಯೇಟರ್ ಸೆಟ್ಟಿನ ಜೊತೆ ಬರುವ, ಬಾಸ್ (ತಗ್ಗಿನ ಸ್ವರ) ನುಡಿಸಲೆಂದೇ ಇರುವ ಸಬ್‌ವೂಫರ್‌ಗಳಲ್ಲಿ ಹೆಚ್ಚಿನವಕ್ಕೆ ಬಾಸ್ ಸಾಲದು ಅನ್ನುವ ಕಾಯಿಲೆ ಇಲ್ಲ. ಯಾವ ಹಾಡು ಹಾಕಿದರೂ ಅದೇ ‘ಧುಂ’ ಅನ್ನುವುದೇ ಅವುಗಳ ಕಾಯಿಲೆ. ನನ್ನದೂ ಅದೇ ಜಾತಿ: ಸುಮಾರು 25 ಲೀಟರಿನ ಪೆಟ್ಟಿಗೆ, 8 ಇಂಚಿನ ಡ್ರೈವರ್ (ಕೋನ್ ಅಲುಗಿಸಿ ಸದ್ದು ಹೊರಡಿಸುವ ಭಾಗ), 7 ಸೆಂ.ಮೀ. ಅಗಲ ಮತ್ತು 12 ಸೆಂ.ಮೀ. ಉದ್ದದ ಪೋರ್ಟ್ (ಪೆಟ್ಟಿಗೆಯ ಗಾಳಿ ಆಡುವ ಪೈಪು). ಈ ಅಳತೆಗಳನ್ನು ಲೆಕ್ಕಕ್ಕೆ ಹಾಕಿದರೆ ಟ್ಯೂನಿಂಗ್, ಅಂದರೆ ಪೋರ್ಟಿನ ಗಾಳಿ ಅತಿ ಜೋರಾಗಿ ಮೊಳಗುವ ಸ್ವರ, 52 ಹರ್ಟ್ಜ್ ಆಸುಪಾಸಿಗೆ ಬರುತ್ತದೆ. ಪರೀಕ್ಷೆಗೆ ಬಾಸ್ ಗಿಟಾರ್ ಸಾಕು. ಅದರ ‘ಎ’ ತಂತಿ 55 ಹರ್ಟ್ಜ್, ‘ಇ’ ತಂತಿ 41. ಮೂಲ ಸ್ಥಿತಿಯಲ್ಲಿ ‘ಎ’ ಉಬ್ಬುತ್ತಿತ್ತು, ‘ಇ’ ಮಾಯವಾಗುತ್ತಿತ್ತು.

ಎಲ್ಲರೂ ಮೊದಲು ಹೇಳುವುದು ಒಳಗೆ ಪಾಲಿಯೆಸ್ಟರ್ ಹತ್ತಿ ತುಂಬು ಅಂತ. ಪೋರ್ಟ್ ಇರುವ ಸಬ್‌ಗೆ ಇದರಿಂದ ನನಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕೇಳಿಸಲಿಲ್ಲ. ಕಾರಣವೂ ಸರಳ. ಹತ್ತಿ ಹೀರುವುದು ಹಲಗೆಗಳ ನಡುವೆ ನಿಂತು ಮೊಳಗುವ ಅಲೆಯನ್ನು; 30 ಸೆಂ.ಮೀ. ಪೆಟ್ಟಿಗೆಯೊಳಗೆ ಅಂಥ ಅಲೆ ನಿಲ್ಲುವುದು 570 ಹರ್ಟ್ಜ್ ಹತ್ತಿರ. ಸಬ್ 100ರ ಆಚೆ ಹೆಚ್ಚು ಮಾತಾಡುವುದೇ ಇಲ್ಲ. ಹತ್ತಿ ಪೋರ್ಟಿನ ಬಾಯಿಗೆ ಬಂದರಂತೂ ಇದ್ದದ್ದೂ ಹೋಗುತ್ತದೆ. ಅದಕ್ಕಿಂತ ಎರಡು ಪಕ್ಕದ ಹಲಗೆಗಳ ನಡುವೆ ಅಂಟಿಸಿದ ಒಂದು ಮರದ ತುಂಡು ವಾಸಿ. ಮೊದಲು ಅಂಗೈ ಇಟ್ಟರೆ ಹಲಗೆ ನಡುಗುವುದು ಗೊತ್ತಾಗುತ್ತಿತ್ತು, ಆಮೇಲೆ ಇಲ್ಲ.

ಹೊಸ ಡ್ರೈವರ್ ಎಲ್ಲರ ಕನಸು. ದೊಡ್ಡ ಮ್ಯಾಗ್ನೆಟ್, ದಪ್ಪ ರಬ್ಬರ್ ಅಂಚಿನ ಡ್ರೈವರೊಂದನ್ನು ಎರವಲು ತಂದು ಕೂರಿಸಿದೆ. ಸದ್ದು ಹೆಚ್ಚಲಿಲ್ಲ, ಇಳಿಯಿತು. ಹಳೆಯದರ ವಿದ್ಯುತ್ ತಡೆ 4 ಓಮ್, ಇದರದು 8. ಅದೇ ಆಂಪ್ಲಿಫೈಯರ್ ಇದಕ್ಕೆ ಹೆಚ್ಚುಕಡಿಮೆ ಅರ್ಧ ಪವರ್ ಮಾತ್ರ ಕೊಡುತ್ತದೆ. ಸಾಲದ್ದಕ್ಕೆ ಕೋನ್ ಭಾರ. ಡ್ರೈವರಿಗೂ ಪೆಟ್ಟಿಗೆಗೂ ಹೊಂದಾಣಿಕೆ ನೋಡಲು 1961ರಲ್ಲಿ ನೆವಿಲ್ ಥೀಲ್ ಹಾಕಿಕೊಟ್ಟ, 70ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಬೆಳೆಸಿದ ಲೆಕ್ಕವಿದೆ. ಆ ಅಂಕಿಗಳನ್ನು ನೋಡದೆ ಬರೀ ಇಂಚು ನೋಡಿ ಡ್ರೈವರ್ ಕೊಳ್ಳುವುದು ಕಾಲಿನ ಅಳತೆ ಕೊಡದೆ ಚಪ್ಪಲಿ ತರಿಸಿದಂತೆ. ಓಮ್ ತಗ್ಗಿಸಿ ಪವರ್ ಎಳೆಯೋಣ ಅನ್ನುವವರು ಆಂಪ್ಲಿಫೈಯರ್ ಎಷ್ಟು ತಡೆದೀತು ಅಂತ ಮೊದಲು ನೋಡಿಕೊಳ್ಳಲಿ.

ನಿಜವಾದ ಪೈಪೋಟಿ ಇದ್ದದ್ದು ಪೋರ್ಟಿನಲ್ಲಿ: ಉದ್ದ ಮಾಡುವುದೋ, ಮುಚ್ಚುವುದೋ.

12 ಸೆಂ.ಮೀ. ಪೈಪನ್ನು 24ಕ್ಕೆ ಏರಿಸಿದರೆ ಟ್ಯೂನಿಂಗ್ 40 ಹರ್ಟ್ಜ್‌ಗೆ ಇಳಿಯುತ್ತದೆ. ಒಳತುದಿಯಿಂದ ಎದುರಿನ ಹಲಗೆಗೆ ಪೈಪಿನ ಅಗಲದಷ್ಟಾದರೂ ಜಾಗ ಬಿಡಬೇಕು. ನನ್ನ ಪೆಟ್ಟಿಗೆಯಲ್ಲಿ ಅದಕ್ಕಾಗಿ ಎಲ್ಬೋ ಹಾಕಬೇಕಾಯಿತು. ಸಿನಿಮಾಗೆ ಇದು ಅದ್ಭುತ. ಸ್ಫೋಟದ ದೃಶ್ಯಗಳಲ್ಲಿ ಮೊದಲು ಬರೀ ಸದ್ದಿದ್ದ ಕಡೆ ಈಗ ನೆಲ ಅದುರುತ್ತದೆ. ‘ಇ’ ತಂತಿಯೂ ಬಂತು. ಆದರೆ ಬಂದದ್ದು ಅತಿಯಾಗಿ. ನನ್ನ ಕೋಣೆಯ ಉದ್ದ 4.2 ಮೀಟರ್. ಅಷ್ಟು ಉದ್ದಕ್ಕೆ ಮೊದಲ ಅನುರಣನ 41 ಹರ್ಟ್ಜ್. ನಾನು ಕೂರುವುದು ಹಿಂಗೋಡೆಗೆ ಒರಗಿ, ಅಂದರೆ ಅದು ಅತಿ ಜೋರಾಗಿರುವ ಜಾಗದಲ್ಲೇ. ಪೋರ್ಟೂ ಕೋಣೆಯೂ ಸೇರಿ ಅದೇ ಸ್ವರವನ್ನು ಎತ್ತಿ ಹಿಡಿದವು. ‘ಧುಂ’ 55ರಿಂದ 41ಕ್ಕೆ ಮನೆ ಬದಲಾಯಿಸಿತು, ಅಷ್ಟೇ.

ಆಮೇಲೆ ಪೈಪಿಗೆ ಗಟ್ಟಿ ಫೋಮ್ ಬಿರಡೆ ತುರುಕಿದೆ. ಮುಚ್ಚಿದ ಪೆಟ್ಟಿಗೆಯ ಬಾಸ್ ಕೆಳಕ್ಕೆ ಇಳಿಯುವುದು ಆಕ್ಟೇವ್‌ಗೆ 12 ಡೆಸಿಬೆಲ್ ಲೆಕ್ಕದಲ್ಲಿ (ಆಕ್ಟೇವ್ ಅಂದರೆ ಹರ್ಟ್ಜ್ ಅರ್ಧವಾಗುವಷ್ಟು ಅಂತರ), ನಿಧಾನವಾಗಿ. ಪೋರ್ಟ್ ಪೆಟ್ಟಿಗೆಯದು 24, ಥಟ್ಟನೆ. ಆ ನಿಧಾನದ ಇಳಿತಕ್ಕೆ ಕೋಣೆ ತಗ್ಗಿನ ಸ್ವರಗಳಿಗೆ ಕೊಡುವ ಏರಿಕೆ ಚೆನ್ನಾಗಿ ಕೂತಿತು. ನಾಲ್ಕೂ ತಂತಿಗಳು ಒಂದೇ ವಾದ್ಯದ್ದು ಅನ್ನಿಸಿದ್ದು ಈಗಲೇ. ಹತ್ತಿಗೂ ಇಲ್ಲಿ ಕೆಲಸ ಸಿಕ್ಕಿತು: ಮುಚ್ಚಿದ ಪೆಟ್ಟಿಗೆಯಲ್ಲಿ ಸಡಿಲವಾಗಿ ತುಂಬಿದರೆ ಪೆಟ್ಟಿಗೆ ಸ್ವಲ್ಪ ದೊಡ್ಡದಾದಂತೆ ವರ್ತಿಸುತ್ತದೆ.

ಬೆಲೆ ತೆರಬೇಕಾದದ್ದು ಸದ್ದಿನಲ್ಲಿ. ಪೋರ್ಟ್ ಇದ್ದಾಗ ಟ್ಯೂನಿಂಗ್ ಹತ್ತಿರ ಕೋನ್ ಹೆಚ್ಚುಕಡಿಮೆ ನಿಂತೇ ಇರುತ್ತದೆ, ದುಡಿಯುವುದು ಪೈಪಿನ ಗಾಳಿ. ಮುಚ್ಚಿದ ಮೇಲೆ ದುಡಿಮೆಯೆಲ್ಲ ಕೋನಿನದೇ. ಒಂದು ಆಕ್ಟೇವ್ ಕೆಳಗೆ ಅಷ್ಟೇ ಸದ್ದು ಬೇಕೆಂದರೆ ಅದು ನಾಲ್ಕು ಪಟ್ಟು ಹೆಚ್ಚು ಚಲಿಸಬೇಕು. ವಾಲ್ಯೂಮ್ ಏರಿಸುತ್ತಾ ಹೋದರೆ ಕೋನ್ ಹಿಂದೆ ಮುಂದೆ ಬಡಿದಾಡುವುದು ಕಣ್ಣಿಗೇ ಕಾಣುತ್ತದೆ. ದೊಡ್ಡ ಹಾಲ್ ಇದ್ದು, ಸಿನಿಮಾವನ್ನು ಜೋರಾಗಿಯೇ ನೋಡುವವರು ಉದ್ದ ಪೋರ್ಟಿಗೇ ಹೋಗಲಿ. ಸಣ್ಣ ಕೋಣೆ, ಸಂಗೀತವೂ ಬೇಕು ಅನ್ನುವವರಿಗೆ ನನ್ನ ಮತ ಬಿರಡೆಗೆ. ಖರ್ಚೂ ಇಲ್ಲದಷ್ಟು ಕಡಿಮೆ, ಬೇಡವಾದರೆ ಎಳೆದು ತೆಗೆಯಬಹುದು.

ಇಷ್ಟರಲ್ಲಿ ಯಾವುದನ್ನು ಮಾಡುವ ಮೊದಲೂ ಸಬ್ಬನ್ನು ಮೂಲೆಯಿಂದ ಎಳೆದು, ಗೋಡೆಯುದ್ದಕ್ಕೂ ಸರಿಸಿ ಕೇಳಿ. ನನ್ನಲ್ಲಿ ಅರ್ಧ ಮೀಟರ್ ಸರಿಸಿದ್ದು ಹೊಸ ಡ್ರೈವರಿಗಿಂತ ಹೆಚ್ಚು ಕೆಲಸ ಮಾಡಿತು. ಪೆಟ್ಟಿಗೆ ಬಿಚ್ಚುವುದಾದರೆ ಪ್ಲಗ್ ಕಿತ್ತು ಸಾಕಷ್ಟು ಹೊತ್ತು ಬಿಡಿ, ಒಳಗಿನ ದೊಡ್ಡ ಕೆಪಾಸಿಟರ್‌ಗಳು ಚಾರ್ಜ್ ಹಿಡಿದಿಟ್ಟುಕೊಂಡಿರುತ್ತವೆ. ಬಿರಡೆ ಹಾಕಿದ ಮೇಲೆ ಫೇಸ್ ಸ್ವಿಚ್ಚನ್ನು (ಸಬ್ಬಿನ ಅಲೆಯನ್ನು ಉಳಿದ ಸ್ಪೀಕರುಗಳ ಅಲೆಗೆ ಹೊಂದಿಸುವುದು, ಸೊನ್ನೆ ಇಲ್ಲವೇ 180 ಡಿಗ್ರಿ) ಎರಡೂ ಕಡೆ ತಿರುಗಿಸಿ ನೋಡಿ. ಪೋರ್ಟ್ ಮುಚ್ಚಿದಾಗ ಫೇಸ್ ಬದಲಾಗುತ್ತದೆ. ಮೊದಲು ಸೊನ್ನೆಯಲ್ಲಿ ಸರಿಯಿದ್ದದ್ದು ನನಗೆ 180ರಲ್ಲಿ ಸರಿಹೋಯಿತು.