ಹೊಟ್ಟಿನ ಬೂದಿ ಲಿಂಟಲ್, ಕೆಂಪು ಮಣ್ಣಿನ ಬ್ಲಾಕ್: ನಮ್ಮ ಅನುಭವ

ಗಂಗಾವತಿ, ಕಾರಟಗಿ ಕಡೆ ಭತ್ತದ ಹೊಟ್ಟಿಗೆ ಬರವಿಲ್ಲ. ಮಿಲ್ಲಿನ ಬಾಯ್ಲರ್‌ನಲ್ಲಿ ಹೊಟ್ಟು ಸುಟ್ಟರೆ ಅದರ ತೂಕದ ಸುಮಾರು ಶೇ. 20ರಷ್ಟು ಬೂದಿ ಉಳಿಯುತ್ತದೆ. ಆ ಬೂದಿ ಬೆರೆಸಿದ ಲಿಂಟಲ್ (ಬಾಗಿಲು, ಕಿಟಕಿಯ ಮೇಲೆ ಕೂರಿಸುವ ಕಾಂಕ್ರೀಟ್ ತೊಲೆ) ಮತ್ತು ಕೆಂಪು ಮಣ್ಣಿನ ಬ್ಲಾಕ್ ಎರಡನ್ನೂ ನಮ್ಮ ಮನೆಗೆ ಊರ ಹೊರಗಿನ ಒಂದು ಸಣ್ಣ ಯಾರ್ಡ್‌ನಿಂದ ತಂದೆವು.

ಲಿಂಟಲ್ ನನಗೆ ತುಂಬಾ ಹಿಡಿಸಿತು. ಸಿಮೆಂಟಿನಲ್ಲಿ ಶೇ. 10 ಕಡಿಮೆ ಮಾಡಿ ಅಷ್ಟು ಬೂದಿ ಹಾಕುತ್ತಾರೆ. ಸಿಮೆಂಟಿಗೆ ನೀರು ಸೇರಿದಾಗ ಸುಣ್ಣ ಹುಟ್ಟುತ್ತದೆ. ಬೂದಿಯಲ್ಲಿರುವ ಸಿಲಿಕಾ ಆ ಸುಣ್ಣದ ಜೊತೆ ಕೂಡಿ ಕಾಂಕ್ರೀಟನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಆದರೆ ಎಲ್ಲ ಬೂದಿಯೂ ಆಗುವುದಿಲ್ಲ. ಸರಿಯಾಗಿ ಸುಡದಿದ್ದರೆ ಇದ್ದಿಲು ಉಳಿದು ಕಪ್ಪಾಗಿರುತ್ತದೆ, ನೀರು ಜಾಸ್ತಿ ಕುಡಿಯುತ್ತದೆ. 700 ಡಿಗ್ರಿ ದಾಟಿ ಬಹಳ ಹೊತ್ತು ಕಾದರೆ ಸಿಲಿಕಾ ಹರಳುಗಟ್ಟಿ ಕೆಲಸ ಮಾಡುವುದಿಲ್ಲ. ಯಾರ್ಡಿನ ಯಜಮಾನರು ಕಪ್ಪು ರಾಶಿ, ಬೂದು ರಾಶಿ ಎರಡನ್ನೂ ತೋರಿಸಿ, ಕಪ್ಪನ್ನು ಮುಟ್ಟುವುದಿಲ್ಲ ಎಂದರು. ಬೂದು ಬಣ್ಣದ್ದನ್ನು ನುಣ್ಣಗೆ ಅರೆದ ಮೇಲೆಯೇ ಬಳಸುತ್ತಾರೆ. ಮಿಶ್ರಣ ಗಟ್ಟಿಯಾದರೂ ಮೇಸ್ತ್ರಿಗೆ ನೀರು ಸುರಿಯಲು ಬಿಡದೆ, ನೀರು ಹೆಚ್ಚಿಸದೆ ಮಿಶ್ರಣ ಸಡಿಲ ಮಾಡುವ ಪ್ಲಾಸ್ಟಿಸೈಜರ್ ಹಾಕಿಸುತ್ತಾರೆ. ಇದು ನಿಜಕ್ಕೂ ಮೆಚ್ಚುವ ಮಾತು. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456ರಲ್ಲೂ (2000ರ ಆವೃತ್ತಿ) ಹೊಟ್ಟಿನ ಬೂದಿಯ ಪ್ರಸ್ತಾಪವಿದೆ, ಬೂದಿಯ ಗುಣಮಟ್ಟ ಸರಿಯಿರಬೇಕು, ನಿರ್ಧರಿಸುವ ಅಧಿಕಾರಿಯ ಒಪ್ಪಿಗೆಯೂ ಬೇಕು.

ಬ್ಲಾಕಿಗೆ ಶೇ. 8ರಷ್ಟು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತುತ್ತಾರೆ. ನಮ್ಮ ಹೊಲದ ಎರೆ ಮಣ್ಣು ಕೊಡುತ್ತೇನೆಂದರೆ ಒಪ್ಪಲಿಲ್ಲ. ಒದ್ದೆಯಾದರೆ ಹಿಗ್ಗುವ, ಒಣಗಿದರೆ ಬಿರಿಯುವ ಮಣ್ಣದು. ಅದಕ್ಕೆ ಸುಣ್ಣ ಬೇಕು, ಬರೀ ಸಿಮೆಂಟ್ ಸಾಲದು. ಗುಡ್ಡದ ಕಡೆಯ ಕೆಂಪು ಮಣ್ಣಿಗೆ ಮರಳು ಸೇರಿಸಿ ಮಾಡಿಕೊಟ್ಟರು.

ದೂರು ಒಂದೇ. ಎರಡನೇ ಲೋಡಿನಲ್ಲಿ ಕ್ಯೂರಿಂಗ್ (ನೀರುಣಿಸಿ ಗಟ್ಟಿ ಮಾಡುವುದು) ಮುಗಿಯದ ಬ್ಲಾಕ್ ಬಂದವು. ಅಂಚು ಉಗುರಿಗೇ ಉದುರುತ್ತಿತ್ತು. ಫೋನ್ ಮಾಡಿದ ಮೇಲೆ ಬದಲಾಯಿಸಿದರು, ಆದರೆ ಗೋಡೆ ಕೆಲಸ ನಿಂತಿತು. ನೀವು ತರುವುದಾದರೆ ಒತ್ತಿದ ದಿನಾಂಕ ಕೇಳಿ, ಮೂರು ವಾರ ನೀರುಣಿಸಿದ್ದನ್ನು ಖಾತ್ರಿ ಮಾಡಿಕೊಳ್ಳಿ. ಆತುರದವರಿಗೆ ಇದು ಬೇಡ.

ಕಾಲಂ, ಸ್ಲ್ಯಾಬಿಗೆ ನಮ್ಮ ಇಂಜಿನಿಯರ್ ಮಾಮೂಲಿ ಕಾಂಕ್ರೀಟನ್ನೇ ಹಾಕಿಸಿದರು. ಮೇಲಿನ ಮಹಡಿ ಕಟ್ಟುವಾಗ 28 ದಿನದ ಕ್ಯೂಬ್ ವರದಿ (ಕಾಂಕ್ರೀಟ್ ಘನವನ್ನು ಒತ್ತಿ ಬಲ ಅಳೆಯುವ ಪರೀಕ್ಷೆಯದು) ನೋಡಿ ಸ್ಲ್ಯಾಬಿಗೂ ಬೂದಿ ಹಾಕಿಸುವ ಆಸೆ ನನಗಿದೆ.